ಹಲಗೆಗೆ ಹಿಡಿಸದ ಹೆಸರು

ಬೋರ್ಡಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದೇನೆಂದು ಕೇಳಿದರೆ ಅವನ ಒಡಹುಟ್ಟಿದ ಅಣ್ಣನೂ ಒಂದು ಗಳಿಗೆ ತಡವರಿಸುತ್ತಾನೆ. ಅಂಗಡಿಗಳ ನೆತ್ತಿಯ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ, ಲಾರಿಗಳ ಬೆನ್ನ ಮೇಲೆ ಅರ್ಧ ಆಯಸ್ಸು ಅಕ್ಷರ ಬರೆದುಕೊಂಡು ಬಂದವನನ್ನು ಜನ ಇನ್ನೇನೆಂದು ಕರೆಯಬೇಕು? ಬಣ್ಣದ ಡಬ್ಬಗಳನ್ನು ಸೈಕಲ್ಲಿಗೆ ತೂಗುಹಾಕಿ, ಏಣಿಯನ್ನು ಹೆಗಲಿಗೇರಿಸಿ ಅವನು ಬೀದಿಗೆ ಬಂದನೆಂದರೆ ಒಂದು ಅಂಗಡಿಯಿಂದ ಕಾಫಿ, ಪಕ್ಕದ ಅಂಗಡಿಯಿಂದ ಬೈಗುಳ, ಎರಡೂ ಪ್ರೀತಿಯಿಂದಲೇ ಬರುತ್ತಿದ್ದವು. ಕೆಲಸ ಚೊಕ್ಕಟ, ಮಾತು ಜಾಸ್ತಿ. ಹೇಳಿದ ದಿನಕ್ಕೆ ಬೋರ್ಡು ಕೊಟ್ಟದ್ದು ಮಾತ್ರ ಯಾರಿಗೂ ನೆನಪಿಲ್ಲ.

ಅವನ ಕಸುಬಿಗೆ ಅವನದೇ ಕಟ್ಟಳೆಗಳಿದ್ದವು. ಕೂಗಿ ಹೇಳಬೇಕಾದದ್ದು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರಬೇಕು. ಚಿಕ್ಕ ಹೆಸರು ಮೇಲೆ, ಉದ್ದ ಹೆಸರು ಕೆಳಗೆ ಬಂದರೆ ಕಣ್ಣಿಗೆ ಹಿತ. ಅಂಗಡಿಯ ಹೆಸರನ್ನು ಮುರಿದು ಎರಡನೇ ಸಾಲಿಗೆ ತಳ್ಳುವುದಂತೂ ಮಾಲೀಕನ ಕೈಕಾಲು ಮುರಿದಷ್ಟೇ ಪಾಪ. ಹೆಸರು ಹಲಗೆಗೆ ಹಿಡಿಸದಿದ್ದರೆ ಸಣ್ಣ ಬ್ರಷ್ಷು ತೆಗೆದುಕೊಳ್ಳಬೇಕು, ಅಕ್ಷರ ಕುಗ್ಗಿಸಬೇಕು, ಹೇಗಾದರೂ ಮಾಡಿ ಒಂದೇ ಸಾಲಿನಲ್ಲಿ ಕೂರಿಸಬೇಕು. ಇದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಮಾರುದ್ದದ ಹೆಸರಿನ ಪಾತ್ರೆ ಅಂಗಡಿಯನ್ನು ಕಿಟಕಿಯಗಲದ ಹಲಗೆಯಲ್ಲಿ ಕೂರಿಸಿದ್ದನ್ನು ಅವನು ಈಗಲೂ ಬಂದವರಿಗೆಲ್ಲ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ.

ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಚ್ಚಾಗುವ ಬೋರ್ಡುಗಳು ಬಂದವು. ಬ್ರಷ್ಷು ಹಿಡಿದವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಬೋರ್ಡಣ್ಣನೂ ಸ್ವಲ್ಪ ದಿನ ಕೂತ, ಆದರೆ ಸುಮ್ಮನೆ ಕೂರುವ ಜಾತಕ ಅವನದಲ್ಲ. ಬೀದಿಯ ಬೋರ್ಡು ಹೋದರೆ ಹೋಗಲಿ, ಈಗ ಎಲ್ಲರ ಅಂಗಡಿಯೂ ಮೊಬೈಲಿನೊಳಗೆ ಇದೆ, ಅಲ್ಲಿಗೂ ಬೋರ್ಡು ಬೇಕಲ್ಲ ಎಂದುಕೊಂಡು ಕಂಪ್ಯೂಟರ್ ತರಗತಿಗೆ ಸೇರಿದ. ಮಕ್ಕಳ ವಯಸ್ಸಿನವರ ನಡುವೆ ಕೂತು, ವೆಬ್ ಪುಟ ಮಾಡುವುದನ್ನು ಕಲಿತ. ನಾಚಿಕೆ ಎನ್ನುವುದನ್ನು ಅವನು ಏಣಿಯ ಮೇಲೆಯೇ ಬಿಟ್ಟು ಬಂದಿದ್ದ.

ತರಗತಿಯ ಮೇಷ್ಟರು ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ಕಣ್ಣಿಗೆ ಕಾಣುವ ಪುಟದ ಹಿಂದೆ ಇನ್ನೊಂದು ಬರಹ ಇರುತ್ತದೆ, ಇದು ಶೀರ್ಷಿಕೆ, ಇದು ಪ್ಯಾರಾ ಎಂದು ಕಂಪ್ಯೂಟರಿಗೆ ಗುರುತು ಹಾಕಿ ತಿಳಿಸುವ ಬರಹ. ಶೀರ್ಷಿಕೆಗಳಲ್ಲಿ ಒಂದರಿಂದ ಆರರವರೆಗೆ ಮಟ್ಟಗಳಿವೆ. ಪುಸ್ತಕದ ಹೆಸರು ಒಂದನೇ ಮಟ್ಟ, ಅಧ್ಯಾಯಗಳು ಎರಡನೇ ಮಟ್ಟ, ಅಧ್ಯಾಯದೊಳಗಿನ ಭಾಗಗಳು ಮೂರನೇ ಮಟ್ಟ. ಯಾವುದು ಯಾವುದರ ಒಳಗೆ ಎಂದು ತೋರಿಸುವುದಕ್ಕೆ ಇರುವ ಏರ್ಪಾಡು ಅದು. ಅಕ್ಷರ ಎಷ್ಟು ದಪ್ಪ, ಯಾವ ಬಣ್ಣ ಎನ್ನುವುದನ್ನು ಬೇರೆ ಕಡೆ ಬರೆಯಬೇಕು. ಮೇಷ್ಟರು ಇಷ್ಟನ್ನೂ ಹೇಳುವಾಗ ನಮ್ಮ ಪುಣ್ಯಾತ್ಮ ನೀಲಿಯಲ್ಲಿ ಎಷ್ಟು ಬಗೆ ಸಿಗುತ್ತದೆ ಎಂದು ನೋಡುವುದರಲ್ಲಿ ಮುಳುಗಿದ್ದ. ಒಂದರಿಂದ ಆರು ಎನ್ನುವುದಷ್ಟೇ ಕಿವಿಗೆ ಬಿತ್ತು. ಒಂದು ದಪ್ಪ, ಆರು ಸಣ್ಣ. ಆರು ಬ್ರಷ್ಷು! ಇಷ್ಟು ಸುಲಭವೇ ಎಂದು ಖುಷಿಯಾಗಿ ಮನೆಗೆ ಬಂದ.

ಅವನಿಗೆ ಸಿಕ್ಕ ದೊಡ್ಡ ಕೆಲಸ ಆಸ್ಪತ್ರೆಯ ಪುಟ. ಅದನ್ನು ಕೊಡಿಸಿದವಳು ಅವನ ಅತ್ತಿಗೆ.

ಅತ್ತಿಗೆ ಆ ಮನೆಗೆ ಬಂದಾಗ ಬೋರ್ಡಣ್ಣ ಇನ್ನೂ ಶಾಲೆಯ ಹುಡುಗ. ಬೈಯುವುದು, ಉಣ್ಣಿಸುವುದು, ಅಣಕಿಸುವುದು ಮೂರನ್ನೂ ಅವಳೇ ವಹಿಸಿಕೊಂಡಳು, ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಊರಿನ ದೊಡ್ಡ ಆಸ್ಪತ್ರೆಯ ವಿಚಾರಣೆ ಮೇಜಿನಲ್ಲಿ ಫೋನು ತೆಗೆಯುವುದು ಅವಳ ಕೆಲಸ. ಯಾವ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಬಾಗಿಲಿಂದ ಒಳಗೆ ಬರಬೇಕು, ಏನು ತರಬೇಕು ಎಂದು ಕೇಳಿದವರಿಗೆ ಉತ್ತರ ತುದಿ ನಾಲಿಗೆಯಲ್ಲೇ ಇರುತ್ತಿತ್ತು. ಗಾಬರಿಯಾಗಿ ಫೋನು ಮಾಡಿದವರು ಅವಳ ದನಿ ಕೇಳಿಯೇ ಅರ್ಧ ಸಮಾಧಾನಗೊಳ್ಳುತ್ತಿದ್ದರು. ಆಮೇಲೆ ನರದ ತೊಂದರೆಯಿಂದ ಅವಳ ಎರಡು ಕಣ್ಣೂ ಹೋದವು. ಮನೆಯವರೆಲ್ಲ ಅತ್ತರು. ಅವಳೂ ಅತ್ತಳು, ಸಾಕಾದ ಮೇಲೆ ಮುಖ ತೊಳೆದುಕೊಂಡು ಅಂಧರ ತರಬೇತಿಗೆ ಹೊರಟಳು. ಪರದೆಯ ಮೇಲಿರುವುದನ್ನು ಓದಿ ಹೇಳುವ ಮಾತಾಡುವ ಕಂಪ್ಯೂಟರನ್ನು ಕಲಿತು ಬಂದು, ಬಿಟ್ಟು ಹೋಗಿದ್ದ ಕುರ್ಚಿಯಲ್ಲೇ ಮತ್ತೆ ಕೂತಳು.

ಕಣ್ಣಿದ್ದವರು ಪುಟವನ್ನು ಒಮ್ಮೆ ನೋಡಿ ಬೇಕಾದ ಕಡೆ ಹಾರುತ್ತಾರೆ. ಅತ್ತಿಗೆ ಬೆರಳಿನಿಂದ ಹಾರುತ್ತಿದ್ದಳು. ಎಚ್ ಕೀ ಒತ್ತಿದರೆ ದನಿ ಮುಂದಿನ ಶೀರ್ಷಿಕೆಗೆ ಹೋಗುತ್ತದೆ. ಎರಡು ಎಂಬ ಅಂಕಿ ಒತ್ತಿದರೆ ಮುಂದಿನ ಎರಡನೇ ಮಟ್ಟದ ಶೀರ್ಷಿಕೆಗೇ ಹೋಗುತ್ತದೆ, ಮಿಕ್ಕದ್ದನ್ನೆಲ್ಲ ದಾಟಿಬಿಡುತ್ತದೆ. ತರಬೇತಿಯಲ್ಲಿ ಅವಳಷ್ಟು ಚುರುಕಾಗಿ ಇದನ್ನು ಮಾಡುವವರೇ ಇರಲಿಲ್ಲವಂತೆ. ಹಾಗಾಗಿ ಆಸ್ಪತ್ರೆಗೆ ಹೊಸ ಪುಟ ಬೇಕೆಂದಾಗ ಮೇಲ್ವಿಚಾರಕಿ ಮೇಡಂ ಹತ್ತಿರ ಅವಳು ಧೈರ್ಯವಾಗಿ ಹೇಳಿದಳು.

“ನನ್ನ ಮೈದುನ ಮಾಡ್ತಾನೆ ಮೇಡಂ. ಅಕ್ಷರ ಅಂದ್ರೆ ಅವನಿಗೆ ಪ್ರಾಣ.”

ಪ್ರಾಣವೇನೋ ಹೌದು. ಪುಟ ತಯಾರಾದ ದಿನ ಅತ್ತಿಗೆಯ ಪಕ್ಕ ಕೂತು ಅವನು ಮಾಡಿದ ವರ್ಣನೆಯನ್ನು ಕೇಳಬೇಕಿತ್ತು.

“ಮೇಲ್ಗಡೆ ‘ಮೌನ ಕಾಪಾಡಿ’ ಅಂತ ಇಷ್ಟು ದಪ್ಪಕ್ಕೆ ಹಾಕಿದೀನಿ ಅತ್ತಿಗೆ, ಎಲ್ಲ ಪುಟದಲ್ಲೂ! ಕೆಳಗಡೆ ವಿಭಾಗಗಳು. ಕಣ್ಣು, ಹಲ್ಲು, ಮೂಳೆ, ಮಕ್ಕಳು, ಶವಾಗಾರ... ಚಿಕ್ಕದರಿಂದ ದೊಡ್ಡದಕ್ಕೆ ಹಂಗೇ ಇಳ್ಕೊಂಡು ಬರುತ್ತೆ. ನೋಡೋಕೆ ಎರಡು ಕಣ್ಣು ಸಾಲದು.”

“ನನಗೆ ಒಂದೂ ಇಲ್ವಲ್ಲೋ, ಏನ್ ಮಾಡ್ಲಿ?” ಎಂದು ಅತ್ತಿಗೆ ನಕ್ಕಳು. “ನೀನು ಚೆನ್ನಾಗಿದೆ ಅಂದ್ಮೇಲೆ ಚೆನ್ನಾಗೇ ಇರುತ್ತೆ ಬಿಡು.”

ಆ ಮಾತನ್ನು ಅವಳು ನಿಜವಾಗಿ ನಂಬಿದ್ದಳು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಏನಾಯಿತೆಂದರೆ, ಅವಳು ತರಬೇತಿಯಲ್ಲಿದ್ದಾಗ ಆಸ್ಪತ್ರೆಯಲ್ಲಿ ಹೊಸದಾಗಿ ಕಿವಿ ಮೂಗು ಗಂಟಲು ವಿಭಾಗ ತೆರೆದಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಅವಳಿಗೆ ಯಾರೂ ಹೇಳಲಿಲ್ಲ. ಒಂದು ದಿನ ಒಬ್ಬ ಅಜ್ಜಿ ಫೋನು ಮಾಡಿದರು. ಮೊಮ್ಮಗಳು ಕಿವಿ ನೋವೆಂದು ಕಿರುಚಿಕೊಳ್ಳುತ್ತಿದ್ದಾಳೆ, ನಿಮ್ಮಲ್ಲಿ ಕಿವಿ ಡಾಕ್ಟರು ಇದ್ದಾರಾ ಎಂದು ಕೇಳಿದರು. ಅತ್ತಿಗೆ ಎರಡನ್ನು ಒತ್ತಿದಳು. ಕಣ್ಣು. ಹಲ್ಲು. ಮೂಳೆ. ಮಕ್ಕಳು. ಶವಾಗಾರ. ಮುಂದೆ ಶೀರ್ಷಿಕೆ ಇಲ್ಲ ಎಂದಿತು ದನಿ. ಅವಳು ಹಿಂದಿನ ರೂಢಿಯಂತೆ, “ನಮ್ಮಲ್ಲಿ ಇಲ್ಲಮ್ಮ, ಊರಾಚೆಯ ಆಸ್ಪತ್ರೆಗೆ ಕರ್ಕೊಂಡು ಹೋಗಿ” ಎಂದಳು. ಅಜ್ಜಿ ಅಳುವ ಮಗುವನ್ನು ಹೊತ್ತು ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋದರು. ಅಲ್ಲಿನವರು, ಇದಕ್ಕೆ ಇಷ್ಟು ದೂರ ಯಾಕೆ ಬಂದಿರಿ, ನಿಮ್ಮೂರಲ್ಲೇ ಇದೆಯಲ್ಲ ಎಂದರು. ಅಜ್ಜಿ ಮರುದಿನ ಮೇಡಂಗೆ ಫೋನು ಮಾಡಿ ಬೆವರಿಳಿಸಿದರು.

ಮೇಡಂ ತಮ್ಮ ಪರದೆಯ ಮೇಲೆ ಪುಟ ತೆರೆದು ನೋಡಿದರು. ಕಿವಿ ಮೂಗು ಗಂಟಲು ವಿಭಾಗ ಕೊನೆಯಲ್ಲಿ ಅಚ್ಚುಕಟ್ಟಾಗಿ ನೀಲಿ ಬಣ್ಣದಲ್ಲಿ ಕೂತಿತ್ತು. ಕೆಟ್ಟವರೇನಲ್ಲ ಮೇಡಂ, ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನಲು ಅವರಿಂದಾಗಲಿಲ್ಲ. ಬರುವ ವಾರ ಶುಕ್ರವಾರ ನಾನೇ ಪಕ್ಕದಲ್ಲಿ ಕೂತು ನಿಮ್ಮ ಕೆಲಸ ನೋಡುತ್ತೇನೆ, ಆಮೇಲೆ ಈ ಕುರ್ಚಿಯ ವಿಷಯ ಯೋಚಿಸೋಣ ಎಂದು ಮೆತ್ತಗೆ ಹೇಳಿದರು. ಅತ್ತಿಗೆ ಅವತ್ತೆಲ್ಲ ಆ ವಿಭಾಗವನ್ನು ಹುಡುಕಿದಳು. ಇದೆಯೆಂದು ಎಲ್ಲರೂ ಹೇಳುತ್ತಾರೆ, ಅವಳಿಗೆ ಮಾತ್ರ ಸಿಗುತ್ತಿಲ್ಲ. ಎಚ್ ಒತ್ತಿದರೆ ‘ಮೌನ ಕಾಪಾಡಿ’, ಇನ್ನೊಮ್ಮೆ ಒತ್ತಿದರೆ ‘ನಿಮ್ಮ ಆರೋಗ್ಯವೇ ನಮ್ಮ ಭಾಗ್ಯ’. ಬೋರ್ಡಣ್ಣ ದಪ್ಪ ಕಾಣಲೆಂದು ಹಾಕಿದ ಘೋಷಣೆಗಳೆಲ್ಲ ಒಂದನೇ ಮಟ್ಟದ ಶೀರ್ಷಿಕೆಯಾಗಿ ಕೂತು ಅವಳ ಕಿವಿ ತಿನ್ನುತ್ತಿದ್ದವು. ಆ ಗದ್ದಲಕ್ಕೆ ರೋಸಿ ಅವಳು ಮತ್ತೆ ಎರಡಕ್ಕೇ ಬರುತ್ತಿದ್ದಳು.

ಭಾನುವಾರ ಬೆಳಗ್ಗೆ ಬೋರ್ಡಣ್ಣ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಅಡುಗೆಮನೆಯಲ್ಲಿ ಕಾಳು ಸೋಸುತ್ತಿದ್ದಳು. ಅಣ್ಣ ಬಾಗಿಲಲ್ಲೇ ತಡೆದು, “ಕೆಲಸ ಬಿಡ್ತಾಳಂತೆ. ನೀನಾದ್ರೂ ಒಂದು ಮಾತು ಹೇಳು” ಎಂದ. ಅಣ್ಣ ಮಿತಭಾಷಿ, ಇಷ್ಟು ಹೇಳಿದ್ದೇ ಹೆಚ್ಚು.

“ಏನಿದು ಅತ್ತಿಗೆ ಹೊಸ ನಾಟಕ?” ಎಂದು ಇವನು ಒಳಗೆ ಹೋದ.

“ನಾಟಕ ಅಲ್ಲ ಕಣೋ. ಇನ್ನೊಬ್ಬರ ಮಗುಗೆ ತೊಂದರೆ ಕೊಟ್ಟು ಸಂಬಳ ತಗೊಳ್ಳೋಕೆ ನನಗೆ ಮನಸ್ಸಿಲ್ಲ. ಮೇಡಂ ಬಿಡಿಸೋಕಿಂತ ಮುಂಚೆ ನಾನೇ ಬಿಡ್ತೀನಿ.”

“ಒಂದ್ಸಲ ಮಾಡಿ ತೋರ್ಸಿ, ನೋಡೋಣ.”

ಅತ್ತಿಗೆ ಕೈ ಒರೆಸಿಕೊಂಡು ಬಂದು ಮನೆಯ ಕಂಪ್ಯೂಟರಿನ ಮುಂದೆ ಕೂತಳು. ಎರಡು ಒತ್ತಿದಳು. ಕಣ್ಣು, ಹಲ್ಲು, ಮೂಳೆ, ಮಕ್ಕಳು, ಶವಾಗಾರ. ಮುಂದೆ ಶೀರ್ಷಿಕೆ ಇಲ್ಲ.

“ಅಯ್ಯೋ, ಅಲ್ಲೇ ಇದೆಯಲ್ಲ ಅತ್ತಿಗೆ! ಕಣ್ಣ ಮುಂದೇನೇ ಇದೆ!”

“ಯಾರ ಕಣ್ಣ ಮುಂದೆ?” ಎಂದಳು ಅತ್ತಿಗೆ. ಕೊಂಕಿನಿಂದ ಕೇಳಿದ್ದಲ್ಲ, ಸುಸ್ತಾಗಿ ಕೇಳಿದ್ದು.

ಮಾತಿನ ಮಲ್ಲ ಏನೋ ಕೆಲಸ ನೆನಪಾಯಿತೆಂದು ಹೇಳಿ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ತನ್ನ ಕೋಣೆಗೆ ಬಂದ. ಅತ್ತಿಗೆಯ ಕಂಪ್ಯೂಟರಿನಲ್ಲಿದ್ದ ಅದೇ ದನಿಯನ್ನು ತನ್ನದರಲ್ಲೂ ಹಾಕಿಕೊಂಡು, ಪರದೆ ಆರಿಸಿ, ತಾನು ಮಾಡಿದ ಪುಟವನ್ನು ಮೊದಲ ಸಲ ಕಿವಿಯಿಂದ ನೋಡಿದ.

“ಶೀರ್ಷಿಕೆ, ಮಟ್ಟ ಒಂದು, ಮೌನ ಕಾಪಾಡಿ” ಎಂದು ದನಿ ಕೂಗಿತು. ಇದು ಯಾವ ಪುಟವೆಂದೇ ಹೇಳಲಿಲ್ಲ. ಆಸ್ಪತ್ರೆಯ ಹೆಸರನ್ನು ಅವನು ಬರೀ ದಪ್ಪ ಅಕ್ಷರದಲ್ಲಿ ಬರೆದಿದ್ದ, ಶೀರ್ಷಿಕೆ ಎಂದು ಗುರುತು ಹಾಕಿರಲಿಲ್ಲ. ‘ಭೇಟಿಯ ಸಮಯ’ವೂ ಹಾಗೇ, ಕಣ್ಣಿಗೆ ಶೀರ್ಷಿಕೆ, ದನಿಗೆ ಸಾದಾ ಸಾಲು. ಎಚ್ ಒತ್ತುತ್ತಾ ಕೊನೆಯವರೆಗೆ ಬಂದ. “ಮಟ್ಟ ಎರಡು, ಶವಾಗಾರ” ಎಂದಿತು. ಅದರ ಬೆನ್ನಿಗೇ, “ಮಟ್ಟ ನಾಲ್ಕು, ಕಿವಿ ಮೂಗು ಗಂಟಲು ವಿಭಾಗ” ಎಂದಿತು.

ಅಂದರೆ ಶವಾಗಾರದ ಒಳಗಿನ ಒಳಗೆ. ಹೆಣಗಳಿಗೆ ನೆಗಡಿಯಾದರೆ ತೋರಿಸಿಕೊಳ್ಳುವ ಜಾಗದಲ್ಲಿ. ಬೇರೆ ಯಾರಾದರೂ ಮಾಡಿದ್ದರೆ ಬೋರ್ಡಣ್ಣ ಬಿದ್ದು ಬಿದ್ದು ನಗುತ್ತಿದ್ದ. ಉಳಿದ ವಿಭಾಗಗಳೆಲ್ಲ ಎರಡನೇ ಮಟ್ಟದಲ್ಲಿದ್ದವು. ಇದೊಂದು ಹೆಸರು ಉದ್ದವಾಯಿತು, ಒಂದೇ ಸಾಲಿಗೆ ಹಿಡಿಸಲಿಲ್ಲ. ಅವನು ಅಭ್ಯಾಸಬಲದಿಂದ ಸಣ್ಣ ಬ್ರಷ್ಷು ತೆಗೆದುಕೊಂಡಿದ್ದ.

ಅವತ್ತು ಮಧ್ಯಾಹ್ನ ಊಟ ಮರೆತು ಪುಟದ ಹಿಂದಿನ ಬರಹವನ್ನೆಲ್ಲ ತಿದ್ದಿದ. ಆಸ್ಪತ್ರೆಯ ಹೆಸರು ಒಂದನೇ ಮಟ್ಟ, ಅದೊಂದೇ. ಎಲ್ಲ ವಿಭಾಗಗಳೂ ಎರಡನೇ ಮಟ್ಟ, ಹೆಸರು ಗೇಣುದ್ದವಿರಲಿ, ಮಾರುದ್ದವಿರಲಿ. ಡಾಕ್ಟರು, ಸಮಯ, ತರಬೇಕಾದದ್ದು, ಇವು ಆಯಾ ವಿಭಾಗದೊಳಗೆ ಮೂರನೇ ಮಟ್ಟ, ನಡುವೆ ಯಾವ ಮೆಟ್ಟಿಲೂ ಹಾರುವಂತಿಲ್ಲ. ಘೋಷಣೆಗಳನ್ನು ಶೀರ್ಷಿಕೆಯ ಪಟ್ಟದಿಂದ ಇಳಿಸಿ ಸಾದಾ ಸಾಲು ಮಾಡಿದ. ದಪ್ಪ, ಸಣ್ಣ, ಬಣ್ಣ ಇವನ್ನು ಮೇಷ್ಟರು ಹೇಳಿದ ಬೇರೆ ಜಾಗದಲ್ಲಿ ಬರೆದ. ಮುಗಿಸಿ ಪರದೆ ಹಾಕಿ ನೋಡಿದರೆ ಪುಟದ ಚೆಲುವು ಕೂದಲೆಳೆಯಷ್ಟೂ ಕೆಟ್ಟಿರಲಿಲ್ಲ. ಮೊದಲು ಹೇಗಿತ್ತೋ ಹಾಗೇ ಇತ್ತು. ಮೊದಲೇ ಹೀಗೆ ಮಾಡಿದ್ದರೂ ಏನೂ ಹೋಗುತ್ತಿರಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡ.

ಸೋಮವಾರ ಸಂಜೆ ಅತ್ತಿಗೆಯ ಫೋನು ಬಂತು. ದನಿಯಲ್ಲಿ ಹಳೆಯ ಗೆಲುವು.

“ಲೋ, ಸಿಕ್ತು ಕಣೋ! ಇವತ್ತು ಎಲ್ಲಾ ಸಲೀಸಾಗಿ ಸಿಕ್ತು. ನನ್ನ ತಲೆ ಸರಿಹೋಯ್ತು ಅನ್ಸುತ್ತೆ. ಒಂದು ವಾರ ಎಲ್ಲಿಗೆ ಹೋಗಿತ್ತೋ ಏನೋ!”

ಹೇಳಿಬಿಡಬೇಕೆಂದು ಅವನ ನಾಲಿಗೆ ತುದಿಗೆ ಬಂತು. ಅತ್ತಿಗೆ ಅಷ್ಟು ಖುಷಿಯಾಗಿದ್ದಾಳೆ, ಈಗ ಯಾಕೆ ಅಡ್ಡಬಾಯಿ ಹಾಕಲಿ ಎಂದು ಸುಮ್ಮನಾದ. ಖುಷಿಯ ನೆಪ ಸುಳ್ಳು. ಪುಟ ಚೆನ್ನಾಗಿದೆ ಎಂದು ಊರೆಲ್ಲ ಸಾರಿಕೊಂಡು ಬಂದವನಿಗೆ ಹೇಳಲು ನಾಚಿಕೆ, ಅಷ್ಟೇ. ಏಣಿಯ ಮೇಲೆ ಬಿಟ್ಟುಬಂದದ್ದು ಎಲ್ಲಿಂದಲೋ ಹುಡುಕಿಕೊಂಡು ಬಂದಿತ್ತು. ಮಂಗಳವಾರ, ಬುಧವಾರ, ಗುರುವಾರ ಮೂರು ದಿನವೂ ಬಾಯಿಗೆ ಬೀಗ ಹಾಕಿಕೊಂಡೇ ಇದ್ದ. ಎಲ್ಲ ಸರಿಹೋಗಿದೆಯಲ್ಲ, ಇನ್ನೇನು ಎಂದು ತನಗೆ ತಾನೇ ಹೇಳಿಕೊಂಡ.

ಶುಕ್ರವಾರ ಡಾಕ್ಟರುಗಳ ಹೊಸ ಸಮಯ ಕೇಳುವ ನೆಪದಲ್ಲಿ ಅವನೂ ಆಸ್ಪತ್ರೆಗೆ ಹೋಗಿ ವಿಚಾರಣೆ ಮೇಜಿನ ಹಿಂದಿನ ಬೆಂಚಿನಲ್ಲಿ ಕೂತ. ಮೇಡಂ ಕುರ್ಚಿ ಎಳೆದುಕೊಂಡು ಅತ್ತಿಗೆಯ ಪಕ್ಕ ಕೂತಿದ್ದರು. ಫೋನು ಒಂದರ ಹಿಂದೊಂದು ಬಂತು. ಹಲ್ಲಿನ ಡಾಕ್ಟರು ಯಾವಾಗ, ಮೂಳೆ ವಿಭಾಗಕ್ಕೆ ಯಾವ ಬಾಗಿಲು, ಮಗುವಿಗೆ ಜ್ವರ, ಕಿವಿಯಲ್ಲಿ ಏನೋ ಸೇರಿಕೊಂಡಿದೆ. ಅತ್ತಿಗೆಯ ಬೆರಳು ಒಂದು ಕ್ಷಣ ಓಡುತ್ತಿತ್ತು, ಉತ್ತರ ಹೊರಗೆ ಬರುತ್ತಿತ್ತು. ಬೋರ್ಡಣ್ಣ ಬೆಂಚಿನಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದ.

ಮೇಡಂ ಎದ್ದು ನಿಂತರು. “ಇವತ್ತು ಚೆನ್ನಾಗಿ ಮಾಡಿದ್ರಿ. ಆದ್ರೆ ನಾನು ನಿಜ ಹೇಳ್ಬೇಕು. ಅವತ್ತು ಪುಟದಲ್ಲಿ ಇದ್ದಿದ್ದನ್ನ ಇಲ್ಲ ಅಂದ್ರಿ. ಇನ್ನೊಂದು ದಿನ ಹಂಗಾಗಲ್ಲ ಅಂತ ಏನು ಗ್ಯಾರಂಟಿ? ಇದು ಆಸ್ಪತ್ರೆ. ನಿಮ್ಮನ್ನ ಹಿಂದಿನ ಕೋಣೆಗೆ ಹಾಕ್ತೀನಿ. ಅಲ್ಲಿ ಫೋನು ಬರಲ್ಲ, ಆರಾಮಾಗಿರಬಹುದು.”

“ಸರಿ ಮೇಡಂ” ಎಂದಳು ಅತ್ತಿಗೆ. ತಲೆ ತಗ್ಗಿಸಿದಳು. “ನನಗೂ ಅದೇ ಭಯ. ಅವತ್ತು ನನ್ನ ತಲೆ ಓಡ್ಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ.”

ಬೋರ್ಡಣ್ಣನಿಗೆ ಕೂರಲಾಗಲಿಲ್ಲ.

“ತಲೆ ಓಡದೆ ಇದ್ದಿದ್ದು ನಂದು, ಮೇಡಂ.”

ಇಬ್ಬರೂ ತಿರುಗಿದರು. ಅವನು ಒಂದೇ ಉಸಿರಿಗೆ ಎಲ್ಲವನ್ನೂ ಒದರಿದ. ಮೇಡಂಗೆ ಅರ್ಥವಾಗಲಿಲ್ಲ. ಪುಟದಲ್ಲಿ ನನಗೆ ಕಾಣಿಸಿತಲ್ಲ ಎಂದರು. ಅವನು ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು, ಅದರಲ್ಲಿ ಉಳಿದಿದ್ದ ಹಳೆಯ ಪುಟವನ್ನು ತೆರೆದು, ಪರದೆ ಆರಿಸಿ, ಅವರ ಬೆರಳನ್ನೇ ಎರಡರ ಮೇಲೆ ಇಡಿಸಿದ. ಒತ್ತಿ ಮೇಡಂ, ಕಿವಿ ವಿಭಾಗ ಹುಡುಕಿ ಎಂದ. ಮೇಡಂ ಒತ್ತಿದರು. ಶವಾಗಾರದಾಚೆ ಅವರಿಗೂ ಏನೂ ಸಿಗಲಿಲ್ಲ. ಮತ್ತೆ ಮೊದಲಿಂದ ಒತ್ತಿದರು, ಆಗಲೂ ಸಿಗಲಿಲ್ಲ.

“ಪುಟ ಹೇಳಿದ್ದನ್ನೇ ಅತ್ತಿಗೆ ಹೇಳಿದ್ರು. ಪುಟಕ್ಕೆ ತಪ್ಪು ಹೇಳೋಕೆ ಕಲಿಸಿದ್ದು ನಾನು.”

ಮೇಡಂ ಅವನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಹಿಂದಿನ ಕೋಣೆಯ ಮಾತನ್ನು ಮರೆತುಬಿಡಿ, ಈ ಕುರ್ಚಿ ನಿಮ್ಮದೇ ಎಂದರು. ಕ್ಷಮಿಸಿ ಎಂದೂ ಅಂದರು. ಅತ್ತಿಗೆ ಆ ಅಜ್ಜಿಯ ನಂಬರು ಕೇಳಿದಳು, ತಾನೇ ಫೋನು ಮಾಡಿದಳು, ಮಗು ಹೇಗಿದೆ ಎಂದು ವಿಚಾರಿಸಿದಳು. ವಾಸಿಯಾಗಿದೆ ಎಂದು ತಿಳಿದ ಮೇಲೆ, “ಅವತ್ತು ಏನಾಯ್ತು ಅಂತ ಇವನು ಹೇಳ್ತಾನೆ” ಎಂದು ಫೋನನ್ನು ಮೈದುನನ ಕೈಗೆ ತುರುಕಿದಳು.

“ಅಜ್ಜಿ, ಅದು... ಹೆಸರು ಉದ್ದ ಇತ್ತು. ಒಂದೇ ಸಾಲಲ್ಲಿ ಹಿಡಿಸ್ಲಿಲ್ಲ ಅಂತ ನಾನು ಅಕ್ಷರ ಸಣ್ಣ ಮಾಡಿದೆ.”



“ಅಷ್ಟಕ್ಕೆ ನಾನು ಮಗೂನ ಹೊತ್ಕೊಂಡು ಊರಾಚೆ ಹೋದ್ನಾ?” ಎಂದರು ಅಜ್ಜಿ.

“ಹೂಂ” ಎಂದ ಬೋರ್ಡಣ್ಣ.

ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಿದರು. ಕೆಲಸ ಬಿಟ್ಟವರೆಲ್ಲ ತುಂಬಿಕೊಂಡಿದ್ದರು. ಯಾರೋ ಎದ್ದು ಅತ್ತಿಗೆಗೆ ಸೀಟು ಕೊಟ್ಟರು, ಬೋರ್ಡಣ್ಣ ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ಬೈದರೆ ಬೈಯಲಿ ಎಂದು ಕಾಯುತ್ತಿದ್ದ. ಅವಳು ಬೈಯಲಿಲ್ಲ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕಡೆ ಮುಖ ತಿರುಗಿಸಿದಳು.

“ಕಣ್ಣು ಹೋದಾಗ ಇಷ್ಟು ಹೆದರಿರ್ಲಿಲ್ಲ ಕಣೋ. ತಲೆ ಇದೆಯಲ್ಲ ಅಂತ ಧೈರ್ಯ ಇತ್ತು. ಈಗ ಅದೂ ಹೋಯ್ತು ಅಂದ್ಕೊಂಡಿದ್ದೆ. ನಿಮ್ಮಣ್ಣನಿಗೂ ಹೇಳ್ಲಿಲ್ಲ. ಮನೇಲಿ ಉಪ್ಪಿನ ಡಬ್ಬ ಎಲ್ಲಿಟ್ಟೆ ಅಂತ ಮೂರು ಮೂರು ಸಲ ಮುಟ್ಟಿ ನೋಡ್ತಿದ್ದೆ.”

ಬೋರ್ಡಣ್ಣ ಅವಳ ಕಡೆ ಬಗ್ಗಿದ. “ಸೋಮವಾರಾನೇ ಹೇಳ್ಬೇಕಿತ್ತು ಅತ್ತಿಗೆ. ಹೇಳ್ಲಿಲ್ಲ.”

“ಹೂಂ, ಹೇಳ್ಬೇಕಿತ್ತು” ಎಂದಳು. “ಅಲ್ಲಿ ಮೇಡಂ ಹತ್ರ ಏನಂದೆ? ತಪ್ಪು ಯಾರ್ದು ಅಂದೆ?”

“ನಂದು ಅಂದೆ.”

“ನನ್ನ ತಲೇದಲ್ಲ?”

“ನಿಮ್ಮ ತಲೆಗೆ ಏನೂ ಆಗಿಲ್ಲ ಅತ್ತಿಗೆ. ತಪ್ಪು ಪೂರ್ತಿ ನಂದೇ.”

ಅತ್ತಿಗೆ ಅವನ ಮುಂಗೈ ಹಿಡಿದುಕೊಂಡಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು.

“ಇನ್ನೊಂದ್ಸಲ ಹೇಳು” ಎಂದಳು.

ಬೋರ್ಡಣ್ಣ ಇನ್ನೊಂದು ಸಲ ಹೇಳಿದ, ಬಸ್ಸಿನವರಿಗೆಲ್ಲ ಕೇಳುವ ಹಾಗೆ.